ವಿಡಿಯೋದಲ್ಲಿ ಕಾಣದ ನನ್ನ ಬಲಗಾಲು

ದಾವಣಗೆರೆಯ ಜನರಿಗೆ, ಇಲ್ಲಿನ ಬೈಕ್ ಹುಡುಗರಿಗೆ, ಅವರ ಅಪ್ಪ ಅಮ್ಮಂದಿರಿಗೆ, ಮತ್ತು ದುಗ್ಗಮ್ಮನ ಜಾತ್ರೆಯಲ್ಲಿ ಆಟದ ಸಾಮಾನಿಗೆ ಅನುಮತಿ ಕೊಡುವ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಯಾರು ಅಂತ ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತು. ಹೆಸರು ಗೊತ್ತಿಲ್ಲದಿದ್ದರೂ ಮುಖ ಗೊತ್ತು. ಮುಖ ಮರೆತವರಿಗೆ ಜಡೆ ನೆನಪಿದೆ. ಮರಣ ಬಾವಿಯ ಹಲಗೆ ಗೋಡೆ ಮೇಲೆ ಆರ್‌ಎಕ್ಸ್ 100 ಬೈಕ್ ಓಡಿಸುವಾಗ ಬೆನ್ನ ಹಿಂದೆ ಹಾರುತ್ತಿತ್ತಲ್ಲ, ಅದೇ ಜಡೆ. ಮಂಡಕ್ಕಿ ಭಟ್ಟಿ ಕಡೆ ಬಂದು "ಬಾವಿ ಬೈಕಿನ ಹುಡುಗಿ ಮನೆ ಯಾವುದು" ಅಂದರೆ ಚಿಕ್ಕ ಮಕ್ಕಳೂ ತೋರಿಸುತ್ತಾರೆ. ಹುಡುಗಿ ಅನ್ನೋ ವಯಸ್ಸು ದಾಟಿ ಎಷ್ಟೋ ವರ್ಷವಾಯಿತು, ಇರಲಿ.

ಕ್ಷಮೆ ಕೇಳೋಕೆ ಬರೆಯುತ್ತಿದ್ದಾಳೆ ಅಂದುಕೊಳ್ಳಬೇಡಿ. ಯಾರ ಹತ್ತಿರ ಕ್ಷಮೆ ಕೇಳಬೇಕಿತ್ತೋ ಅವರ ಹತ್ತಿರ ಕೇಳಿ ಆಗಿದೆ. ರೋಡಿನಲ್ಲಿ ಬೈಕಿನ ಮುಂದಿನ ಚಕ್ರ ಎತ್ತಿ ವೀಲಿ ಹೊಡೆದೆನಲ್ಲ, ಅದನ್ನು ನೋಡಿ ಒಬ್ಬ ಹುಡುಗ ಬಿದ್ದನಲ್ಲ, ನೀವೆಲ್ಲ ನೋಡಿದ ಆ ವಿಡಿಯೋದಲ್ಲಿ ಒಂದು ವಿಷಯ ಕಾಣದೆ ಹೋಯಿತು. ಬೇಕಂತ ಮುಚ್ಚಿಟ್ಟಿದ್ದಲ್ಲ, ಕ್ಯಾಮೆರಾ ಆ ಕಡೆ ಇರಲಿಲ್ಲ ಅಷ್ಟೆ. ಅದನ್ನು ಹೇಳಬೇಕು. ಹಾಗೇ ಅಧಿಕಾರಿಗಳ ಹತ್ತಿರ ಒಂದು ಕೆಲಸವೂ ಇದೆ.

ಮೊದಲು ಬಾವಿ ಬಗ್ಗೆ ಹೇಳುತ್ತೇನೆ. ಬಾವಿ ಗೊತ್ತಿಲ್ಲದೆ ಉಳಿದದ್ದು ಅರ್ಥವಾಗಲ್ಲ.

ಅದು ನನ್ನ ಸೋದರಮಾವನ ಕಸುಬು. ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿದ್ದರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದ ಕೊನೆಗೆ ಕೆಲಸಕ್ಕೆ ಸೇರಿದವರು. ಮಿಲ್ಲು ಮುಚ್ಚಿತು, ಅಪ್ಪ ಮಂಡಕ್ಕಿ ಭಟ್ಟಿಗೆ ಹೋದರು. ನಾನು ಮಾವನ ಹಿಂದೆ ಜಾತ್ರೆ ಜಾತ್ರೆ ತಿರುಗಿದೆ. ನಾಯಕನಹಟ್ಟಿ ತಿಪ್ಪೇಸ್ವಾಮಿ ತೇರಿಗೆ, ಕೊಟ್ಟೂರು ತೇರಿಗೆ, ಎರಡು ವರ್ಷಕ್ಕೊಮ್ಮೆ ನಮ್ಮ ದುಗ್ಗಮ್ಮನ ಜಾತ್ರೆಗೆ. ಮೊದಲು ಟಿಕೆಟ್ ಹರಿದು ಕೊಡುವ ಕೆಲಸ. ಬೈಕ್ ಮುಟ್ಟಿದ್ದು ಹತ್ತೊಂಬತ್ತನೇ ವಯಸ್ಸಿಗೆ.

ಮುಟ್ಟಿದ ದಿನವೇ ಗೋಡೆ ಹತ್ತಿದೆ ಅಂದುಕೊಂಡಿರಾ? ಮೂರು ತಿಂಗಳು ಮಾವ ನನ್ನನ್ನು ಗೋಡೆಗೇ ಬಿಡಲಿಲ್ಲ. ಬಾವಿಯ ತಳದಲ್ಲಿ ಸಪಾಟು ನೆಲ ಇರುತ್ತದೆ. ಅದರ ಸುತ್ತ ಇಳಿಜಾರು ಹಲಗೆ. ಅದಾದ ಮೇಲೆ ನೆಟ್ಟಗೆ ನಿಂತ ಗೋಡೆ. ನೆಲದಲ್ಲಿ ಸುತ್ತು, ಇಳಿಜಾರಿಗೆ ಹತ್ತು, ಮತ್ತೆ ನೆಲಕ್ಕೆ ಇಳಿ. ಇದೇ ಪಾಠ. ಮೊದಲ ವಾರ ನಾಲ್ಕು ಸುತ್ತಿಗೇ ತಲೆ ತಿರುಗಿ ವಾಂತಿ. "ಕೆಳಗೆ ನೋಡಬೇಡ, ಜನರನ್ನು ನೋಡಬೇಡ, ಮುಂದಿನ ಹಲಗೆ ನೋಡು" ಅನ್ನುತ್ತಿದ್ದರು ಮಾವ. ಬೇರೇನೂ ಹೇಳುತ್ತಿರಲಿಲ್ಲ.

ನಮ್ಮದು ಹೆಚ್ಚುಕಮ್ಮಿ ಮೂವತ್ತು ಅಡಿ ಅಗಲದ ಬಾವಿ. ಗಂಟೆಗೆ 40 ಕಿಲೋಮೀಟರ್ ಆಸುಪಾಸಿನಲ್ಲಿ ಓಡಿಸುತ್ತೇವೆ. ಕೇಳೋಕೆ ಇದು ವೇಗವೇ ಅಲ್ಲ. ಪಿ.ಬಿ. ರೋಡಿನಲ್ಲಿ ಇಷ್ಟರಲ್ಲಿ ಹೋದರೆ ಹಿಂದಿನವನು ಹಾರನ್ ಹೊಡೆಯುತ್ತಾನೆ. ಆದರೆ ಇಷ್ಟು ಚಿಕ್ಕ ಸುತ್ತಿನಲ್ಲಿ ಅದೇ ವೇಗಕ್ಕೆ ಮೈತೂಕ ಎರಡು ಪಟ್ಟಿಗಿಂತ ಜಾಸ್ತಿ ಆದ ಹಾಗಾಗುತ್ತದೆ. ರಕ್ತ ಕಾಲಿಗೆ ಇಳಿಯುತ್ತದೆ. ಕುತ್ತಿಗೆ ಮೇಲೆ ಯಾರೋ ಕೂತ ಹಾಗೆ. ಆ ಒತ್ತಡವೇ ಟೈರನ್ನು ಹಲಗೆಗೆ ಅಮುಕಿ ಹಿಡಿಯೋದು. ಅಮುಕಿದರೆ ಹಿಡಿತ, ಹಿಡಿತ ಇದ್ದರೆ ಜಾರಲ್ಲ. ವೇಗ ಕಮ್ಮಿಯಾಯಿತೋ, ಹಲಗೆ ಮೇಲೆ ಎಣ್ಣೆ ಬಿತ್ತೋ, ನಾವೂ ಕೆಳಗೆ ಬಿದ್ದೆವು. ಅದಕ್ಕೇ ಹಳೇ ಆರ್‌ಎಕ್ಸ್ 100. 98 ಸಿಸಿ ಗಾಡಿ, ಹಗುರ, ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ಎಳೆಯುತ್ತದೆ. 1996ಕ್ಕೇ ಕಂಪನಿ ಮಾಡೋದು ನಿಲ್ಲಿಸಿತು. ಒಂದು ಬಿಡಿಭಾಗಕ್ಕೆ ಗುಜರಿ ಗುಜರಿ ಅಲೆಯಬೇಕು.

ನೀವು ಸಂಜೆ ಬಂದು ನೋಡೋದು ಹತ್ತು ನಿಮಿಷದ ಆಟ. ಬೆಳಿಗ್ಗೆ ನಾವು ಮಾಡುವ ಕೆಲಸವನ್ನು ಯಾರೂ ವಿಡಿಯೋ ಮಾಡಿಲ್ಲ. ಏಳು ಗಂಟೆಗೆ ಮಾವ ಒಂದು ಚಿಕ್ಕ ಸುತ್ತಿಗೆ ಹಿಡಿದು ಬಾವಿಗಿಳಿಯುತ್ತಾರೆ. ಒಂದೊಂದೇ ಹಲಗೆಗೆ ತಟ್ಟುತ್ತಾರೆ. ಟಕ್, ಟಕ್, ಟಕ್. ಎಲ್ಲೋ ಒಂದು ಕಡೆ ಬೊಕ್ ಅನ್ನುತ್ತದೆ. ತೆಂಗಿನಕಾಯಿ ತಟ್ಟಿ ನೋಡ್ತೀವಲ್ಲ, ಹಾಗೇ. ಆ ಹಲಗೆಗೆ ಸುಣ್ಣದಲ್ಲಿ ಗುರುತು. ನಾನು ಹೊರಗಿನಿಂದ ಸ್ಪ್ಯಾನರ್ ಹಿಡಿದು ಆ ಗುರುತಿನ ಬೋಲ್ಟು ಹುಡುಕಿ ಬಿಗಿ ಮಾಡಬೇಕು. ಆಮೇಲೆ ಗೋಣಿಚೀಲದಿಂದ ಗೋಡೆ ಪೂರ್ತಿ ಒರೆಸೋದು. ರಾತ್ರಿ ಇಬ್ಬನಿ ಬಿದ್ದಿದ್ದರೆ ಬಿಸಿಲು ಏರುವ ತನಕ ಗಾಡಿ ಹತ್ತಿಸಲ್ಲ. ಮೇಲಿನಿಂದ ಜನ ಎಸೆದ ಶೇಂಗಾ ಸಿಪ್ಪೆ, ಮಿರ್ಚಿ ತಿಂದ ಕಾಗದ, ಎಲ್ಲ ಆರಿಸಬೇಕು. ಮಿರ್ಚಿ ಎಣ್ಣೆ ನಮ್ಮ ದೊಡ್ಡ ಶತ್ರು. ದಾವಣಗೆರೆಯಲ್ಲಿ ಅದು ಎಷ್ಟು ಕಷ್ಟ ಅಂತ ನಿಮಗೆ ಬೇರೆ ಹೇಳಬೇಕಾ?

ಹತ್ತು ನಿಮಿಷದ ಆಟಕ್ಕೆ ಮೂರು ಗಂಟೆ ಬೋಲ್ಟು. ನನ್ನ ಕಸುಬು ಅಂದರೆ ಆ ಮೂರು ಗಂಟೆ. ಇದು ನನಗೇ ತಡವಾಗಿ ತಿಳಿಯಿತು.

ಹೆಸರು ಬಂದದ್ದು ಒಂದು ಜಾತ್ರೆಯ ರಾತ್ರಿ. ಮೇಲೆ ನಿಂತ ಯಾರೋ ನೂರರ ನೋಟು ಚಾಚಿದ್ದರು. ಗೋಡೆ ತುದಿಗೆ ಹೋಗಿ, ಒಂದು ಕೈ ಬಿಟ್ಟು, ನೋಟು ಕಿತ್ತುಕೊಂಡು ಬಾಯಲ್ಲಿ ಕಚ್ಚಿಕೊಂಡು ಇಳಿದೆ. ಬಾವಿಯಲ್ಲಿ ಇದು ಹೊಸದೇನಲ್ಲ, ಎಲ್ಲ ರೈಡರ್‌ಗಳೂ ಮಾಡುತ್ತಾರೆ. ಆದರೆ ಜಡೆ ಹಾರುವ ಹೆಣ್ಣುಮಗಳು ಮಾಡಿದ್ದನ್ನು ಒಬ್ಬ ಫೋನಿನಲ್ಲಿ ಹಿಡಿದ. ಬೆಳಿಗ್ಗೆ ಹೊತ್ತಿಗೆ ಊರಿಗೆಲ್ಲಾ ಹರಡಿತ್ತು. ವಾರದಲ್ಲಿ ಲಕ್ಷ ದಾಟಿತು.

ಆಮೇಲಿನ ಕೆಲವು ತಿಂಗಳು ಬಲೇ ಮಜವಾಗಿತ್ತು, ಸುಳ್ಳು ಯಾಕೆ ಹೇಳಲಿ. ಬೆಣ್ಣೆದೋಸೆ ಹೋಟೆಲಿನಲ್ಲಿ "ದುಡ್ಡು ಬ್ಯಾಡಕ್ಕಾ" ಅಂದರು. ಮೊಬೈಲ್ ಅಂಗಡಿ ಓಪನಿಂಗಿಗೆ ಕರೆದು ರಿಬ್ಬನ್ ಕಟ್ ಮಾಡಿಸಿದರು. ಫ್ಲೆಕ್ಸಿನಲ್ಲಿ ನನ್ನ ಮುಖ, ಪಕ್ಕದಲ್ಲಿ ನಾನು ಯಾವತ್ತೂ ನೋಡಿರದ ನಾಲ್ಕು ಲೀಡರ್‌ಗಳ ಮುಖ. ಅಪ್ಪ ಭಟ್ಟಿಯಿಂದ ಬರುವಾಗ ದಾರಿ ಬದಲಿಸಿ ಆ ಫ್ಲೆಕ್ಸ್ ಮುಂದೆ ಹಾದು ಬರುತ್ತಿದ್ದರಂತೆ. ಇದನ್ನು ಅಮ್ಮ ಹೇಳಿದ್ದು, ಅಪ್ಪ ಇವತ್ತಿಗೂ ಒಪ್ಪಲ್ಲ. ಬೆಂಗಳೂರಿನಿಂದ ಸಿನಿಮಾದವರು ಕರೆದರು, ಹೀರೋಯಿನ್ ಬದಲಿಗೆ ಬೈಕ್ ಓಡಿಸೋಕೆ. ಎರಡು ಸಲ ಹೋಗಿ ಬಂದೆ.

ಜಾತ್ರೆ ಮುಗಿದ ಮೇಲೆ ವಿಡಿಯೋಕ್ಕೆ ಬಾವಿ ಇರಲಿಲ್ಲ. ಬಾವಿ ಬಿಚ್ಚಿ ಲಾರಿಗೆ ಹಾಕಿ ಆಗಿತ್ತು. ಆದರೆ ಫೋನಿನಲ್ಲಿ ಜನ "ಅಕ್ಕ, ಹೊಸದು ಹಾಕಿ" ಅನ್ನುತ್ತಲೇ ಇದ್ದರು. ಎರಡು ವಾರ ಹಾಕದಿದ್ದರೆ ಲೈಕು ಬೀಳುತ್ತಿತ್ತು, ಲೈಕು ಬಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಕುಂದುವಾಡ ಕೆರೆ ಕಡೆ ರೋಡಿಗೆ ಹೋಗಿ ವೀಲಿ ಹೊಡೆದೆ. ಹೆಲ್ಮೆಟ್ ಇಲ್ಲ, ಮುಖ ಕಾಣಬೇಕಲ್ಲ. ಎಡಗಡೆಯಿಂದ ತೆಗೆದ ವಿಡಿಯೋ. ಹಿನ್ನೆಲೆಯಲ್ಲಿ ಕೆರೆ, ಕೆಂಪು ಸೂರ್ಯ. ಬಾವಿಯದಕ್ಕಿಂತ ಜಾಸ್ತಿ ಓಡಿತು ಅದು.

ಬೈಗುಳವೂ ಬಂತು. ಅದನ್ನೂ ಹೇಳಿಬಿಡುತ್ತೇನೆ. ಮೊದಲು ಎಲ್ಲ ಕಾಮೆಂಟನ್ನೂ ಒಂದೇ ಥರ ಓದುತ್ತಿದ್ದೆ, ಒಂದೇ ಥರ ಅಳುತ್ತಿದ್ದೆ. ಹೆಣ್ಣುಮಗಳಿಗೆ ಯಾಕೆ ಬೇಕಿತ್ತು ಅಂದವರು, ಗಂಡ ಸಿಗಲ್ಲ ಅಂದವರು, ನನ್ನ ಬಟ್ಟೆ ಅಳತೆ ಹಾಕಿದವರು. ಬಾವಿ ವಿಡಿಯೋಕ್ಕೆ ಒಬ್ಬ "ಫೇಕ್, ಗೋಡೇಲಿ ಮ್ಯಾಗ್ನೆಟ್ ಐತೆ" ಅಂತ ಬರೆದಿದ್ದ. ಮರದ ಹಲಗೆಯಲ್ಲಿ ಮ್ಯಾಗ್ನೆಟ್! ಮಾವ ಇದನ್ನು ಓದಿಸಿಕೊಂಡು ಒಂದು ದಿನ ಪೂರ್ತಿ ನಕ್ಕರು. ಈ ಎಲ್ಲದರ ನಡುವೆ ಒಂದು ಸಾಲು ಇತ್ತು. ಯಾರೋ ಮೇಷ್ಟ್ರು ಇರಬೇಕು, ಭಾಷೆ ಹಾಗಿತ್ತು. "ತಾಯಿ, ನಿನಗೆ ಬರುತ್ತದೆ. ನೋಡುವ ಹುಡುಗನಿಗೆ ಬರುತ್ತದಾ?" ಅಷ್ಟೆ. ಬೈದಿರಲಿಲ್ಲ. ನಾನು ಅವರನ್ನು ಬ್ಲಾಕ್ ಮಾಡಿದೆ. ಬೈದವರನ್ನು ಬಿಟ್ಟು ಅವರೊಬ್ಬರನ್ನೇ.

ಒಂದು ತಿಂಗಳ ಮೇಲೆ ಹುಡುಗನೊಬ್ಬ ಬಿದ್ದ. ಹದಿನಾರು ವರ್ಷ. ಹೆಸರು, ಓಣಿ ಬರೆಯಲ್ಲ. ಅಪ್ಪನ ಗಾಡಿ. ಸಂಜೆ ಗೆಳೆಯರೆಲ್ಲಾ ನಿಂತು ನನ್ನ ವಿಡಿಯೋ ನೋಡುತ್ತಿದ್ದರಂತೆ. ಒಬ್ಬ ಅಂದನಂತೆ, "ಹುಡುಗೀನೇ ಮಾಡ್ತಾಳೆ, ನಿಂಗೇನ್ಲೇ ರೋಗ." ಇವನು ಗಾಡಿ ಎತ್ತಿದ. ಗಾಡಿ ಎದ್ದಿತು. ಏಳುತ್ತಲೇ ಹೋಯಿತು. ಹಿಂದಕ್ಕೆ ಮಗುಚಿಕೊಂಡು ಕಾಲ ಮೇಲೆ ಬಿತ್ತು. ರಸ್ತೆ ಬದಿಯಲ್ಲಿ ಯಾರೋ ಮನೆ ಕಟ್ಟೋಕೆ ಮರಳು ಹಾಕಿಸಿದ್ದರು, ತಲೆ ಅದರ ಮೇಲೆ ಬಿತ್ತು. ಅಷ್ಟು ಪುಣ್ಯ.

ಆಸ್ಪತ್ರೆಗೆ ಹೋಗೋಕೆ ನನಗೆ ನಾಲ್ಕು ದಿನ ಬೇಕಾಯಿತು. ಕಾಲಿಗೆ ರಾಡು ಹಾಕಿದ್ದರು. ತಾಯಿ ಸ್ಟೂಲಿನ ಮೇಲೆ ಕೂತು ಮೂಸಂಬಿ ಸುಲಿಯುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ಬೈಯುತ್ತಾರೆ ಅಂತ ತಯಾರಾಗಿಯೇ ಹೋಗಿದ್ದೆ. ಅವರು ಸಿಪ್ಪೆ ಬುಟ್ಟಿಗೆ ಹಾಕಿ ಕೇಳಿದರು, "ಎಷ್ಟು ಬಂತವ್ವಾ ನಿಂಗೆ ಅದರಿಂದ?"

ಆ ವೀಲಿ ವಿಡಿಯೋದಿಂದ ನನಗೆ ಒಂದು ರೂಪಾಯಿಯೂ ಬಂದಿರಲಿಲ್ಲ. ಹಾಗಂತ ಹೇಳಿದೆ. ಅವರು ನನ್ನ ಮುಖ ನೋಡಿದ ರೀತಿ ಇದೆಯಲ್ಲ, ಹತ್ತು ಸಾವಿರ ಬಂತು ಅಂದಿದ್ದರೇ ಅವರಿಗೆ ಸಮಾಧಾನ ಆಗುತ್ತಿತ್ತೇನೋ. ಏನೂ ಬರದೇ ಇದ್ದದ್ದಕ್ಕೆ ಮಗನ ಕಾಲು ಹೋಯಿತಲ್ಲ ಅನ್ನೋ ಥರ.

ಹುಡುಗ ಮಾತ್ರ ಬೇರೆ ಏನೋ ಕೇಳಬೇಕು ಅಂತ ಕಾಯುತ್ತಿದ್ದ. ಅಮ್ಮ ನೀರು ತರೋಕೆ ಹೋದಾಗ ಮೆಲ್ಲಗೆ ಕೇಳಿದ. "ಅಕ್ಕಾ, ಮೇಲೆದ್ದ ಮೇಲೆ ಕೆಳಗೆ ಹೆಂಗೆ ಇಳಿಸ್ತೀರಿ?"

ಹಿಂದಿನ ಬ್ರೇಕು ಅಂದೆ. ಬಲಗಾಲು ಬ್ರೇಕ್ ಪೆಡಲ್ ಮೇಲೆ ಇರಬೇಕು, ಯಾವಾಗಲೂ. ಗಾಡಿ ಜಾಸ್ತಿ ಎದ್ದಿತು ಅನ್ನಿಸಿದ ಕ್ಷಣಕ್ಕೆ ಮೆಲ್ಲಗೆ ಒತ್ತಬೇಕು. ಮುಂದಿನ ಚಕ್ರ ತಾನಾಗಿ ಇಳಿಯುತ್ತದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅದು ವಿಡಿಯೋದಾಗೆ ಇಲ್ಲ ಅಕ್ಕಾ" ಅಂದ.

ಇರಲಿಲ್ಲ. ನಮ್ಮ ಗಾಡಿಗಳಲ್ಲಿ ಗೇರು ಎಡಕ್ಕೆ, ಕಾಲಿನ ಬ್ರೇಕು ಬಲಕ್ಕೆ. ಕ್ಯಾಮೆರಾ ಇದ್ದದ್ದು ಎಡಕ್ಕೆ, ಸೂರ್ಯ ಚೆನ್ನಾಗಿ ಕಾಣಲಿ ಅಂತ. ನೀವೆಲ್ಲ ನೋಡಿದ್ದು ನನ್ನ ಮುಖ, ನಗು, ಎದ್ದ ಚಕ್ರ. ನನ್ನನ್ನು ಜೀವಂತ ಇಟ್ಟಿದ್ದ ಕಾಲು ಆ ಕಡೆ ಇತ್ತು. ಅದನ್ನು ಕಲಿಯೋಕೆ ನನಗೆ ಎಷ್ಟು ತಿಂಗಳು, ಎಷ್ಟು ಸಲ ಬಿದ್ದೆ, ಮಾವ ಹೇಗೆ ಹಿಂದೆ ಓಡಿ ಬರುತ್ತಿದ್ದರು, ಒಂದೂ ಅದರಲ್ಲಿ ಇರಲಿಲ್ಲ. ಆ ಹುಡುಗ ಕಂಡದ್ದನ್ನೇ ಮಾಡಿದ. ಪಾಪ, ಪೂರ್ತಿ ಸರಿಯಾಗಿ ಮಾಡಿದ.

ಅವತ್ತೇ ವಿಡಿಯೋ ತೆಗೆದು ಹಾಕಿದೆ. ಅಷ್ಟರಲ್ಲಿ ಎಷ್ಟೋ ಜನ ಅದಕ್ಕೆ ಹಾಡು ಸೇರಿಸಿ ಹಾಕಿಕೊಂಡಿದ್ದರು, ಇವತ್ತಿಗೂ ಓಡುತ್ತಿದೆ. ಸ್ಟೇಷನ್ನಿಗೆ ಕರೆದರು, ಕೇಸಾಯಿತು, ದಂಡ ಕಟ್ಟಿದೆ. ಸರಿಯಾಗಿಯೇ ಮಾಡಿದರು. ಆಮೇಲೆ ಒಂದು ಖಾಲಿ ಜಾಗದಲ್ಲಿ, ಹೆಲ್ಮೆಟ್ ಹಾಕಿ, ಗಾಡಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿಯೇ, ಬಲಗಾಲಿನ ವಿಡಿಯೋ ಮಾಡಿದೆ. ಯಾಕೆ ರೋಡಿನಲ್ಲಿ ಮಾಡಬಾರದು, ಹಿಂದಿನ ಬ್ರೇಕು ಏನು ಮಾಡುತ್ತದೆ, ನನ್ನ ಮೊಣಕೈ ಮೇಲಿನ ಗಾಯದ ಗುರುತು ಯಾವ ವರ್ಷದ್ದು, ಎಲ್ಲಾ ಹೇಳಿದೆ. ನೋಡಿದವರು ಎಷ್ಟು ಜನ ಗೊತ್ತಾ? ನಮ್ಮ ಓಣಿಯವರು, ಅಪ್ಪನ ಭಟ್ಟಿಯವರು, ಇನ್ನು ಅಲ್ಲೊಬ್ಬ ಇಲ್ಲೊಬ್ಬ. ಆ ಮೇಷ್ಟ್ರನ್ನು ಅನ್‌ಬ್ಲಾಕ್ ಮಾಡಿದೆ. ಅವರು ನೋಡಿದರೋ ಇಲ್ಲವೋ.

ಪಕ್ಕದ ಚಿತ್ರದುರ್ಗದ ಮಾತು ಇಲ್ಲಿ ಬರಲೇಬೇಕು. ಕೋಟೆಯಲ್ಲಿ ಜ್ಯೋತಿರಾಜ್ ಹಗ್ಗವಿಲ್ಲದೆ ಗೋಡೆ ಹತ್ತೋದನ್ನು ನಮ್ಮ ಕಡೆ ನೋಡದವರು ಕಮ್ಮಿ. ಕೋತಿರಾಜ್ ಅಂದರೇ ಎಲ್ಲರಿಗೂ ಗೊತ್ತಾಗೋದು. ಮೊದಲ ಸಲ ನೋಡಿದಾಗ ಜನರೆಲ್ಲಾ ಅವರ ಕೈ ನೋಡಿ ಶಿಳ್ಳೆ ಹೊಡೆಯುತ್ತಿದ್ದರು. ಮಾವ ನನ್ನ ಗಲ್ಲ ಹಿಡಿದು ತಗ್ಗಿಸಿ "ಕಾಲು ನೋಡು" ಅಂದರು. ಹೌದು, ಕಲ್ಲಿನ ಸಂದಿಯಲ್ಲಿ ಹೆಬ್ಬೆರಳು ಜಾಗ ಹುಡುಕೋದು ಕಂಡಿತು. ಅವತ್ತು ಕಾಲು ನೋಡೋಕೆ ಕಲಿತವಳು ಆಮೇಲೆ ನನ್ನ ಕಾಲು ತೋರಿಸೋಕೇ ಮರೆತೆ.

ಸಿನಿಮಾ ಸೆಟ್ಟಿನಲ್ಲಿ ಮಾತ್ರ ಒಂದು ವಿಷಯ ಗಟ್ಟಿಯಾಗಿ ತಲೆಗೆ ಹೋಯಿತು. ಅಲ್ಲಿನ ಹಳೇ ಫೈಟರ್‌ಗಳು 2016ರ ನವೆಂಬರ್ 7ನ್ನು ಮರೆತಿಲ್ಲ. ಮಾಸ್ತಿ ಗುಡಿ ಸಿನಿಮಾ ಶೂಟಿಂಗಿನಲ್ಲಿ ತಿಪ್ಪಗೊಂಡನಹಳ್ಳಿ ಕೆರೆಗೆ ಹೆಲಿಕಾಪ್ಟರ್‌ನಿಂದ ಹಾರಿದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಈಜು ಅಷ್ಟಾಗಿ ಬರಲ್ಲ ಅಂತ ಹಾರುವ ಮುಂಚೆಯೇ ಹೇಳಿಕೊಂಡಿದ್ದರು. ಕ್ಯಾಮೆರಾಗಳು ಇದ್ದವು, ಲೈಫ್ ಜಾಕೆಟ್ ಇರಲಿಲ್ಲ. ಈಗ ನಾನು ಹೋದ ಸೆಟ್ಟಿನಲ್ಲಿ ಒಂದು ಜಿಗಿತಕ್ಕೆ ರಟ್ಟಿನ ಡಬ್ಬ ಜೋಡಿಸೋಕೇ ಅರ್ಧ ದಿನ ತೆಗೆದುಕೊಂಡರು. ಡಬ್ಬ ಜೋಡಿಸುವ ಹುಡುಗನನ್ನು ಯಾರೂ ಅವಸರ ಮಾಡಲಿಲ್ಲ. ಡೈರೆಕ್ಟರ್ ಕೂಡಾ.

ಈಗ ಅಧಿಕಾರಿಗಳಿಗೆ.

ನನ್ನ ವಿಷಯ ಆದ ಮೇಲೆ ಕೆಲವರು "ಮುಂದಿನ ಜಾತ್ರೆಗೆ ಮರಣ ಬಾವಿಗೇ ಅನುಮತಿ ಕೊಡಬೇಡಿ" ಅಂತ ಅರ್ಜಿ ಕೊಟ್ಟಿದ್ದಾರೆ ಅಂತ ಕೇಳಿದೆ. ಬೇಡ ಸಾರ್. ಆ ಹುಡುಗ ಬಿದ್ದದ್ದು ಬಾವಿಯಲ್ಲಲ್ಲ, ರೋಡಿನಲ್ಲಿ. ಬಾವಿ ನಿಲ್ಲಿಸಿದರೆ ಎಂಟು ಜನರ ಮನೆ ಒಲೆ ಆರುತ್ತದೆ, ರೋಡಿನ ವೀಲಿ ಒಂದೂ ಕಮ್ಮಿಯಾಗಲ್ಲ. ನಿಲ್ಲಿಸೋ ಬದಲು ಬಂದು ನೋಡಿ. ಇಷ್ಟು ವರ್ಷದಲ್ಲಿ ನಮ್ಮ ಕಾಗದ ಎಲ್ಲರೂ ನೋಡಿದ್ದಾರೆ, ಬೋಲ್ಟು ಯಾರೂ ನೋಡಿಲ್ಲ. ಅನುಮತಿಗೆ ಸಹಿ ಹಾಕುವ ಮುಂಚೆ ಒಬ್ಬ ಎಂಜಿನಿಯರ್ ಹಗಲು ಹೊತ್ತಿನಲ್ಲಿ ಬರಲಿ. ಗೋಡೆ ನೋಡಲಿ, ಅದಕ್ಕಿಂತ ಮುಖ್ಯವಾಗಿ ಜನ ನಿಲ್ಲುವ ಮೇಲಿನ ಅಟ್ಟ ನೋಡಲಿ. ನಾವು ಬಿದ್ದರೆ ಒಬ್ಬರು, ಅಟ್ಟ ಕುಸಿದರೆ ನೂರು ಜನ. ಎಷ್ಟು ಜನ ಹತ್ತಬಹುದು ಅಂತ ಲೆಕ್ಕ ಹಾಕಿ ಬೋರ್ಡು ಬರೆಸಲಿ. ಅದಕ್ಕಿಂತ ಒಬ್ಬರು ಜಾಸ್ತಿ ಆದರೂ ನಾನು ಗಾಡಿ ಸ್ಟಾರ್ಟ್ ಮಾಡಲ್ಲ. ಮಾಲೀಕರು ಮುನಿಸಿಕೊಳ್ಳಲಿ, ನನ್ನ ಮಾವನೇ ಆದರೂ. ರೈಡರ್‌ಗಳಿಗೆ ಇನ್ಶೂರೆನ್ಸ್ ಇಲ್ಲದೆ ಅನುಮತಿ ಕೊಡಬೇಡಿ. ಈಗ ನಮ್ಮ ಮೂಳೆ ಮುರಿದರೆ ತಟ್ಟೆ ಹಿಡಿದು ಜನರ ನಡುವೆ ಹೋಗೋದೇ ನಮ್ಮ ಇನ್ಶೂರೆನ್ಸ್.

ಊರೂರಲ್ಲಿ ಪೊಲೀಸರು ಕಿತ್ತ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಓಡಿಸುವ ಫೋಟೋ ಪೇಪರಿನಲ್ಲಿ ಬರುತ್ತದೆ. ಬರಲಿ, ತಪ್ಪಿಲ್ಲ. (ಬಾವಿಯ ಗಾಡಿಗಳಿಗೂ ಸೈಲೆನ್ಸರ್ ಇರಲ್ಲ, ಈ ಫೋಟೋ ನೋಡಿದಾಗೆಲ್ಲಾ ನನಗೆ ಸ್ವಲ್ಪ ಎದೆ ಹೊಡೆದುಕೊಳ್ಳುತ್ತದೆ.) ಆದರೆ ರೋಲರ್ ನೋಡಿ ಹುಡುಗರು ನಗುತ್ತಾರೆ. ಅವರಿಗೆ ಹಿಂದಿನ ಬ್ರೇಕು ಗೊತ್ತಿಲ್ಲ ಅನ್ನೋದನ್ನು ಯಾರಾದರೂ ಹೇಳಬೇಕು. ಹೈಸ್ಕೂಲು, ಪಿಯು ಕಾಲೇಜುಗಳಲ್ಲಿ ಅರ್ಧ ಗಂಟೆ ಕೊಡಿ, ನಾನು ಬರುತ್ತೇನೆ. ಭಾಷಣ ಬರಲ್ಲ. ಮೊಣಕೈ ತೋರಿಸುತ್ತೇನೆ, ಕಾಲರ್ ಬೋನ್ ತೋರಿಸುತ್ತೇನೆ, ಬಿದ್ದ ವಿಡಿಯೋಗಳನ್ನೂ ಹಾಕುತ್ತೇನೆ. ಹಣ ಬೇಡ, ಶಾಲು ಹಾರವೂ ಬೇಡ. ಮನೆಯಲ್ಲಿ ಶಾಲು ಇಡೋಕೆ ಜಾಗ ಇಲ್ಲ.

ಅಪ್ಪ ಅಮ್ಮಂದಿರಿಗೆ ಒಂದೇ ಮಾತು. 2019ರಲ್ಲಿ ಮೋಟಾರು ವಾಹನ ಕಾಯ್ದೆ ಬದಲಾಗಿದೆ. ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ಆಗುವ ತನಕ ಲೈಸೆನ್ಸ್ ಇಲ್ಲ. ಆ ತಾಯಿಗೆ ಇದು ಗೊತ್ತೇ ಇರಲಿಲ್ಲ. ಕೀಲಿ ಟಿವಿ ಮೇಲೆ ಇಡುತ್ತಿದ್ದೆವು ಅಂದರು. ನಮ್ಮ ಮನೆಯಲ್ಲೂ ಟಿವಿ ಮೇಲೇ ಇರುತ್ತಿತ್ತು.

ನಾನು ಬಾವಿ ಬಿಟ್ಟೆ ಅಂತ ಸುದ್ದಿ ಇದೆ. ಬಿಟ್ಟಿಲ್ಲ. ಕೆಲವು ಬದಲಾಗಿದೆ. ಜಡೆ ಸುತ್ತಿ ಬಿಗಿಯಾಗಿ ಕಟ್ಟುತ್ತೇನೆ. ಚಕ್ರಕ್ಕೆ ಸಿಕ್ಕರೆ ಏನಾಗುತ್ತಿತ್ತು ಅಂತ ಇಷ್ಟು ವರ್ಷ ಯೋಚಿಸಿರಲೇ ಇಲ್ಲ ನೋಡಿ. ರಾತ್ರಿ ಕೊನೆ ಆಟದಲ್ಲಿ ಕೈ ಬಿಡಲ್ಲ, ಅಷ್ಟು ಹೊತ್ತಿಗೆ ತೊಡೆ ನಡುಗುತ್ತಿರುತ್ತದೆ. ದಯವಿಟ್ಟು ನೋಟು ಚಾಚಬೇಡಿ, ಕೆಳಗೆ ಡಬ್ಬ ಇಟ್ಟಿರುತ್ತೇವೆ. "ಅಕ್ಕಂಗೆ ಮೊದಲಿನ ಧಮ್ ಇಲ್ಲ" ಅಂತ ನಾಯಕನಹಟ್ಟಿಯಲ್ಲೇ ಒಬ್ಬ ಕೂಗಿದ. ಸ್ವಲ್ಪ ಚುಚ್ಚಿತು, ಸುಳ್ಳಲ್ಲ. ಅವತ್ತು ರಾತ್ರಿ ಅನ್ನ ಸೇರಲಿಲ್ಲ. ಬೆಳಿಗ್ಗೆ ಏಳಕ್ಕೆ ಮತ್ತೆ ಸ್ಪ್ಯಾನರ್.

ಆ ಹುಡುಗ ಈಗ ಕೋಲಿಲ್ಲದೆ ನಡೆಯುತ್ತಾನೆ, ಸ್ವಲ್ಪ ಕುಂಟು. ಮುಂದಿನ ದುಗ್ಗಮ್ಮನ ಜಾತ್ರೆಗೆ ಬಾವಿ ಕಟ್ಟುವಾಗ ಬರುತ್ತೇನೆ, ಹಲಗೆ ತಟ್ಟೋದು ಕಲಿಸಿ ಅಂತ ಫೋನು ಮಾಡಿದ್ದ. ಗಾಡಿ ಮುಟ್ಟಲ್ಲ, ಸುತ್ತಿಗೆ ಮಾತ್ರ ಅಂದ. ಅವನ ಅಮ್ಮ ಇನ್ನೂ ಒಪ್ಪಿಲ್ಲ. ನಾನೂ ಒತ್ತಾಯ ಮಾಡಿಲ್ಲ.

ಎಂಜಿನಿಯರ್ ಸಾಹೇಬರು ಮಾತ್ರ ಬರಲಿ. ಏಳು ಗಂಟೆಗೆ. ಎಂಟರ ಮೇಲೆ ಬೊಕ್ ಸದ್ದು ಸರಿಯಾಗಿ ಕೇಳಲ್ಲ.

ಇಂತಿ,
ಮಂಡಕ್ಕಿ ಭಟ್ಟಿ ಕಡೆಯ
ಬಾವಿ ಬೈಕಿನವಳು